ಬಾಗಿಲ ಬೇನೆ

ರೋಣದ ಎರೆಸೀಮೆಯಲ್ಲಿ ಬಾಗಿಲುಗಳಿಗೆ ವರ್ಷಕ್ಕೆ ಎರಡು ಸ್ವಭಾವ. ಯುಗಾದಿಯ ಹೊತ್ತಿಗೆ ಅವು ಒಣಗಿ ಸಡಿಲಾಗಿ, ಗಾಳಿಗೆ ತಾವೇ ಬಡಿದುಕೊಳ್ಳುತ್ತ, ಹಲಗೆಗಳ ನಡುವಿನ ಸಂದಿನಿಂದ ಬೀದಿಯ ಧೂಳನ್ನು ಪಡಸಾಲೆಗೆ ಬಿಡುತ್ತ ಇರುತ್ತವೆ. ಉತ್ತರಿ ಮಳೆ ಹಿಡಿದು ನಾಲ್ಕು ದಿನವಾಯಿತೆಂದರೆ ಅವೇ ಬಾಗಿಲುಗಳು ಬಿಗಿದುಕೊಂಡು, ಹೆಗಲು ಕೊಟ್ಟು ನೂಕಿದ ಹೊರತು ಅಲುಗುವುದಿಲ್ಲ. ಆಗ ಬಡಿಗನಿಗೆ ಕರೆ ಹೋಗುತ್ತದೆ. ಅವನು ಬಂದು ಉಜ್ಜುಗೊರಡಿನಿಂದ ಅಂಚನ್ನು ಕೀಸಿ, ಕೂಲಿ ತೆಗೆದುಕೊಂಡು ಹೋಗುತ್ತಾನೆ. ಮನೆಯವರಿಗೆ ಸಮಾಧಾನ. ಮುಂದಿನ ಯುಗಾದಿಗೆ ಅದೇ ಕದ ಚೌಕಟ್ಟನ್ನು ಮುಟ್ಟದೆ, ಅಗಳಿ ತನ್ನ ತೂತಿಗೆ ನಿಲುಕದೆ, ಬೆರಳು ಹೋಗುವಷ್ಟು ಸಂದು ಬಿಟ್ಟುಕೊಂಡು ನಿಂತಿರುತ್ತದೆ. ಕೀಸಿದ ಕಟ್ಟಿಗೆ ಮತ್ತೆ ಬೆಳೆಯುವುದಿಲ್ಲವಷ್ಟೆ.

ಬಾಗಿಲ ರಿಪೇರಿಗೂ ಸಾಹಿತ್ಯದ ಪುಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ, ಅದು ಎರಡು ಶಬ್ದಗಳ ಸಂಬಂಧ. ನಮ್ಮ ಹಿರಿಯರ ಮಾತಿನಲ್ಲಿ ‘ಬಾಗಿಲು’ ಬೇರೆ, ‘ಕದ’ ಬೇರೆ. ಗೋಡೆಯಲ್ಲಿ ಒಳಹೊರಗೆ ಹಾಯಲು ಬಿಟ್ಟ ದಾರಿ ಬಾಗಿಲು. ಆ ದಾರಿಯನ್ನು ಮುಚ್ಚುವ ಹಲಗೆ ಕದ. ಈಗ ನಾವು ಎರಡಕ್ಕೂ ಬಾಗಿಲೆಂದೇ ಅನ್ನುತ್ತೇವೆ. ಮಾತು ಸವೆಯುವುದು ಸಹಜ. ಅದಕ್ಕೆ ಕಣ್ಣೀರು ಹಾಕುವ ಪಂಡಿತ ನಾನಲ್ಲ. ಆದರೆ ಈ ಭೇದವನ್ನು ಮರೆತವನು ರೋಗ ಬಾಗಿಲಿಗೆ ಬಂದಾಗ ಮದ್ದನ್ನು ಕದಕ್ಕೆ ಕೊಡುತ್ತಾನೆ. ನಮ್ಮ ಕಡೆಯ ಮಣ್ಣಿನ ಮನೆಗಳಲ್ಲಿ ಇದು ಬರಿಯ ವ್ಯಾಕರಣದ ತಪ್ಪಾಗಿ ಉಳಿಯುವುದಿಲ್ಲ.

ಈ ಭೇದವನ್ನು ನನಗೆ ಕಾಣಿಸಿಕೊಟ್ಟವರು ರೋಣದ ಒಬ್ಬ ವೃದ್ಧ ಬಡಿಗರು. ಕರೆದ ಮನೆಗೆ ಬಂದೊಡನೆ ಅವರು ಚೀಲದಿಂದ ಆಯುಧ ತೆಗೆಯುತ್ತಿರಲಿಲ್ಲ. ಮೊದಲು, “ಯಾವಾಗಿಂದ ಹಿಡಿಯಾಕ ಹತ್ತೇತಿ?” ಎಂದು ಕೇಳುವರು. ಆಮೇಲೆ ಕದವನ್ನು ಅರ್ಧ ತೆರೆದು, ಕೈಬಿಟ್ಟು ಸುಮ್ಮನೆ ನೋಡುವರು. ಬಿಟ್ಟಲ್ಲಿಯೇ ನಿಂತರೆ ಒಂದು ಅರ್ಥ. ತಾನಾಗಿ ತೆರೆದುಕೊಂಡರೆ ಅಥವಾ ಮುಚ್ಚಿಕೊಂಡರೆ ಇನ್ನೊಂದು ಅರ್ಥ. ತಾನಾಗಿ ಚಲಿಸುವ ಕದದ ಚೌಕಟ್ಟು ಲಂಬವಾಗಿಲ್ಲ, ಅದು ವಾಲಿದೆ. ವೈದ್ಯರು ನಾಡಿ ಹಿಡಿಯುವಷ್ಟು ಹೊತ್ತಿನಲ್ಲಿ ಅವರು ಇಷ್ಟನ್ನು ತಿಳಿದುಕೊಂಡು, “ಕದಕ್ಕ ಬ್ಯಾನಿ ಇಲ್ಲರಿ ಮಾಸ್ತರ, ಮಣ್ಣಿಗೆ ಬ್ಯಾನಿ ಐತಿ” ಎಂದು ಒಂದು ದಿನ ನನ್ನ ನೆರೆಮನೆಯಲ್ಲಿ ನಿಂತು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಕದದ ಬೇನೆಗಳನ್ನು ಮೊದಲು ಮುಗಿಸುತ್ತೇನೆ; ಅವು ಸುಲಭ. ಬಿಜಾಗರಿ ಸಡಿಲಾದ ಕದದ ಮೇಲಿನ ಭಾಗ ಹೊರಕ್ಕೆ ಎಳೆಯಲ್ಪಡುತ್ತದೆ, ಕೆಳಭಾಗ ಚೌಕಟ್ಟಿಗೆ ಒತ್ತಲ್ಪಡುತ್ತದೆ. ಆದುದರಿಂದ ಮೊದಲು ಸೋಲುವುದು ಯಾವಾಗಲೂ ಮೇಲಿನ ಬಿಜಾಗರಿಯೇ. ಚಿಲಕದ ಕಡೆಯ ಕೆಳಮೂಲೆ ನೆಲವನ್ನು ಗೀರಿ ಕಮಾನಿನಂಥ ಗೆರೆ ಮಾಡಿದ್ದರೆ, ಜೋಡಿ ಕದಗಳಾದರೆ ಎರಡೂ ಮೇಲ್ಗಡೆ ಒಂದಕ್ಕೊಂದು ತಲೆ ಕೊಟ್ಟು ಕೆಳಗಡೆ ಸಂದು ಬಿಟ್ಟಿದ್ದರೆ, ಬಿಜಾಗರಿಯನ್ನು ಸಂಶಯಿಸಬೇಕು. ಅರೆತೆರೆದ ಕದವನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ನೋಡಿದರೆ ಸಂಶಯ ತೀರುತ್ತದೆ: ಕದ ಅಲುಗಿದರೆ ತಿರುಪು ಮೊಳೆಯ ತೂತು ಸವೆದಿದೆ. ದಪ್ಪ ಮೊಳೆ ಹೊಡೆಯುವುದು ಮೂರ್ಖತನ, ಕಟ್ಟಿಗೆ ಸೀಳುತ್ತದೆ. ಒಣಗಿದ ಬಿದಿರಿನ ಕಡ್ಡಿಯನ್ನು ತೂತಿನ ಅಳತೆಗೆ ಕೆತ್ತಿ, ಸರೇಸು ಹಚ್ಚಿ ಬಡಿದು, ಆರಿದ ಮೇಲೆ ಅದರಲ್ಲಿ ಮೊದಲಿಗಿಂತ ಉದ್ದವಾದ ತಿರುಪನ್ನು ಕೂಡಿಸಿದರೆ ಬಹುಕಾಲ ಬರುತ್ತದೆ.

ಮಳೆಗೆ ಹಿಗ್ಗಿದ ಕದದ ಗುರುತು ಬೇರೆ. ಅದು ಒಂದು ಮೂಲೆಯಲ್ಲಿ ಹಿಡಿಯದೆ ಅಂಚಿನ ಉದ್ದಕ್ಕೂ ಸಮನಾಗಿ ಹಿಡಿಯುತ್ತದೆ. ಕಟ್ಟಿಗೆ ತೇವ ಕುಡಿದರೆ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆಯೇ ಹೊರತು ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕಿಲ್ಲದಷ್ಟು. ಎರಡೂವರೆ ಅಡಿ ಅಗಲದ ಹಲಗೆಯ ಕದ ನೂರಕ್ಕೆ ಒಂದರಷ್ಟು ಹಿಗ್ಗಿದರೂ ಕಾಲು ಅಂಗುಲಕ್ಕೆ ಮಿಕ್ಕಿತು! ಸಾಗುವಾನಿ ಸಂಯಮಿ, ಕಡಿಮೆ ಹಿಗ್ಗುತ್ತದೆ. ಬೇವು, ಜಾಲಿಗಳಿಗೆ ಅಷ್ಟು ಸಂಯಮವಿಲ್ಲ. ಇದಕ್ಕೆ ಮದ್ದು ಕಾಯುವುದು. ಅದಾಗದಿದ್ದರೆ ಸೀಮೆಸುಣ್ಣದ ಪುಡಿಯನ್ನು ಅಂಚಿಗೆ ಹಚ್ಚಿ, ಮುಚ್ಚಿ ತೆರೆದು, ಎಲ್ಲಿ ಸುಣ್ಣ ಅಳಿಸಿತೋ ಅಲ್ಲಿ ಮಾತ್ರ ಮರಳು ಕಾಗದದಿಂದ ತಿಕ್ಕಬೇಕು. ಬೇಸಿಗೆಯಲ್ಲಿ ಬಣ್ಣ ಹಚ್ಚುವಾಗ ನಮ್ಮವರು ಹಿಂದುಮುಂದಿನ ಮುಖಗಳನ್ನು ಥಳಥಳಿಸುವಂತೆ ಮಾಡಿ, ಕಣ್ಣಿಗೆ ಕಾಣದ ಕೆಳಅಂಚನ್ನು ಹಾಗೆಯೇ ಬಿಡುತ್ತಾರೆ. ಎಳೆಗಳ ಬಾಯಿ ತೆರೆದಿರುವುದು ಅಲ್ಲಿಯೇ. ತೇವ ನುಗ್ಗುವುದೂ ಅಲ್ಲಿಂದಲೇ.

ಎಣ್ಣೆಯ ಮಾತು ಬಂದುದರಿಂದ ಒಂದಿಷ್ಟು ದಾರಿ ತಪ್ಪುತ್ತೇನೆ. ಕುಸುಬೆ ನಮ್ಮ ಹಿಂಗಾರಿ ಹೊಲದ ಬೆಳೆ; ಕುಸುಬೆ ಎಣ್ಣೆ ಅಡುಗೆಮನೆಯಲ್ಲಿ ಕೈಗೆ ಸಿಗುವ ಎಣ್ಣೆ. ಕಿರುಗುಟ್ಟುವ ಬಿಜಾಗರಿಗೆ ಅದನ್ನೇ ಎರಡು ಹನಿ ಬಿಡುವುದು ರೂಢಿ. ಎಂಟು ದಿನ ಸದ್ದಿಲ್ಲ. ಆಮೇಲೆ ಸದ್ದು ಮರಳುತ್ತದೆ, ಮೊದಲಿಗಿಂತ ಹೆಚ್ಚು ಒರಟಾಗಿ. ಕುಸುಬೆಯ ಎಣ್ಣೆಯೂ ಅಗಸೆಯ ಎಣ್ಣೆಯೂ ಗಾಳಿ ತಗಲಿದರೆ ಗಟ್ಟಿಯಾಗಿ ಪೊರೆಗಟ್ಟುವ ಜಾತಿಯವು. ಈ ಗುಣಕ್ಕಾಗಿಯೇ ಚಿತ್ರಕಾರರು ಬಣ್ಣ ಕಲಸಲು ಅವನ್ನು ಬಳಸಿದರು. ಕಟ್ಟಿಗೆಗೆ ಅವು ಅಮೃತ, ಕಬ್ಬಿಣದ ಕೀಲಿಗೆ ಅಂಟು. ಬಿಜಾಗರಿಗೆ ಬೇಕಾದುದು ಔಡಲೆಣ್ಣೆಯಂಥ ಆರದ ಎಣ್ಣೆ. ಬಂಡಿಯ ಅಚ್ಚಿಗೆ ಅದನ್ನು ಹಾಕುತ್ತಿದ್ದ ರೈತನಿಗೆ ಇದು ಗೊತ್ತಿತ್ತು. ನಮ್ಮ ಕಡೆ ಊರಬಾಗಿಲಿಗೂ ‘ಅಗಸಿ’ ಎನ್ನುತ್ತಾರೆ, ಎಣ್ಣೆಕಾಳಿಗೂ ‘ಅಗಸಿ’ ಎನ್ನುತ್ತಾರೆ. ಊರ ಅಗಸಿಯ ಕದಕ್ಕೆ ಅಗಸಿ ಎಣ್ಣೆ ಉಣಿಸಿದರೆ ಪದಕ್ಕೆ ಪದವೂ ಕೂಡಿತು, ಕದಕ್ಕೆ ಆಯುಷ್ಯವೂ ಕೂಡಿತು. ಬೀಗದ ಒಳಗೆ ಮಾತ್ರ ಯಾವ ಎಣ್ಣೆಯೂ ಬೇಡ. ಎರೆಯ ನಯವಾದ ಧೂಳು ಎಣ್ಣೆಯೊಡನೆ ಸೇರಿ ಅಲ್ಲಿ ಕೆಸರಾಗುತ್ತದೆ. ಪೆನ್ಸಿಲಿನ ಕಡ್ಡಿಯನ್ನು ಪುಡಿಮಾಡಿ ಊದಿ, ಕೀಲಿಕೈಯನ್ನು ನಾಲ್ಕು ಸಲ ತಿರುವಿದರೆ ಸಾಕು.

ಇನ್ನು ಬಾಗಿಲ ಬೇನೆ. ಗೋಡೆಯಲ್ಲಿ ಬಿಟ್ಟ ಆ ದಾರಿಯೇ, ಅದರ ಚೌಕಟ್ಟೇ, ಆಕಾರ ಕೆಡುವುದು. ಇದನ್ನು ಅರಿಯಲು ಒಂದು ದಾರ ಸಾಕು. ಚೌಕಟ್ಟಿನ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ದಾರ ಹಿಡಿದು ಗಂಟು ಹಾಕಬೇಕು; ಅದೇ ದಾರವನ್ನು ಇನ್ನೆರಡು ಮೂಲೆಗಳಿಗೆ ಹಿಡಿಯಬೇಕು. ಗಂಟು ಮೂಲೆಗೆ ಸರಿಯಾಗಿ ಬಂದರೆ ಚೌಕಟ್ಟು ಚೌಕವಾಗಿದೆ. ಬಾರದಿದ್ದರೆ ಕದವನ್ನು ಬಿಟ್ಟು ಗೋಡೆಯನ್ನು ನೋಡಬೇಕು. ಬಾಗಿಲಿನ ಮೇಲ್ಮೂಲೆಯಿಂದ ಓರೆಯಾಗಿ ಏರಿಹೋದ ಒಂದು ಬಿರುಕು ಅಲ್ಲಿ ಅನೇಕ ವೇಳೆ ಕಾಣುತ್ತದೆ. ಗೋಡೆಯಲ್ಲಿ ತೆರವು ಇರುವಲ್ಲಿಯೇ ಅದು ದುರ್ಬಲ; ಆದುದರಿಂದ ಮನೆ ಅಲುಗಿದಾಗ ಮೊದಲು ನುಡಿಯುವುದು ಬಾಗಿಲು.

ಮನೆ ಅಲುಗುವುದೇಕೆ? ರೋಣ, ನರಗುಂದ, ಗಜೇಂದ್ರಗಡದ ಎರೆ ಬೇಸಿಗೆಯಲ್ಲಿ ಬಿರಿಯುವ ಬಗೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಹೊಲದ ಬಿರುಕಿನಲ್ಲಿ ಕೈಗೋಲು ಇಳಿಯುತ್ತದೆ. ಈ ಮಣ್ಣಿನಲ್ಲಿರುವ ಜೇಡಿ ತನ್ನ ಪದರಗಳ ನಡುವೆ ನೀರನ್ನು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರ್ ಮಳೆ, ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರಿನ ಆಸುಪಾಸು. ಎಂದರೆ ಮಣ್ಣು ಉದ್ದಕ್ಕೂ ಒಣಗಿ ಒಮ್ಮೆಲೆ ಉಬ್ಬುತ್ತದೆ. ಇಡೀ ಮನೆ ಒಂದೇ ಸಮನೆ ಎದ್ದು ಕುಳಿತರೆ ತೊಂದರೆಯಿಲ್ಲ. ಆದರೆ ಹಿತ್ತಿಲ ಮೂಲೆಯಲ್ಲಿ ಬಚ್ಚಲ ನೀರು ನಿಂತು ಅಲ್ಲಿನ ಮಣ್ಣು ಸದಾ ಉಬ್ಬಿರುತ್ತದೆ. ಬೀದಿಯ ಮೂಲೆ ಒಣಗಿ ಕುಗ್ಗಿರುತ್ತದೆ. ಇವೆರಡರ ಎಳೆದಾಟದಲ್ಲಿ ನಡುವಿನ ಬಾಗಿಲು ಓರೆಯಾಗುತ್ತದೆ. ನೆರೆಮನೆಯಲ್ಲಿ ಬಡಿಗರು ಕಂಡದ್ದು ಇದನ್ನೇ. ಅವರು ಉಜ್ಜುಗೊರಡನ್ನು ಮುಟ್ಟಲಿಲ್ಲ. ಬಚ್ಚಲ ನೀರಿಗೆ ದೂರಕ್ಕೆ ಕಾಲುವೆ ತೋಡಿಸಿದರು. ಗೋಡೆಯ ಬುಡದ ಎರೆಯನ್ನು ಎರಡು ಅಡಿ ತೆಗೆಸಿ ಗರಸು ತುಂಬಿ ಬಡಿಸಿ, ಹೊರಕ್ಕೆ ಇಳಿಜಾರು ಮಾಡಿಸಿದರು. ಕದ ಆ ಮಳೆಗಾಲವೆಲ್ಲ ಹಿಡಿಯುತ್ತಲೇ ಇತ್ತು. ಮರುವರ್ಷ ಬಿಟ್ಟಿತು. ಕೂಲಿಯಾಗಿ ಅವರು ತೆಗೆದುಕೊಂಡದ್ದು ಅರ್ಧ ದಿನದ್ದು. ಕಟ್ಟಿಗೆ ಕೆಲಸ ಮಾಡಲಿಲ್ಲವಲ್ಲ ಎಂಬುದು ಅವರ ನ್ಯಾಯ.

ಇದೇ ಎರೆಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳನ್ನು ರೂಪಿಸಿದರು. ತೇವದ ಏರಿಳಿತ ಮುಟ್ಟದ ಆಳದಲ್ಲಿ, ಸುಮಾರು ಮೂರೂವರೆ ಮೀಟರಿನಷ್ಟು ಕೆಳಗೆ, ಆ ಗಡ್ಡೆ ಹಿಡಿದು ನಿಲ್ಲುತ್ತದೆ. ಹೊಸಮನೆ ಕಟ್ಟುವವರು ತಿಳಿದಿರಬೇಕಾದ ಸಂಗತಿ. ಹಳೆಯ ಮನೆಗಳಿಗೆ ಗರಸೇ ಗತಿ.

ಹೊಸ್ತಿಲ ಮಾತನ್ನು ಹೇಳಲು ಸ್ವಲ್ಪ ಅಂಜಿಕೆಯಾಗುತ್ತದೆ. ದಿನವೂ ನಸುಕಿನಲ್ಲಿ ಹೊಸ್ತಿಲು ತೊಳೆದು, ಅರಿಶಿನ ಕುಂಕುಮವಿಟ್ಟು, ರಂಗೋಲಿ ಹಾಕುವ ಮನೆಗಳಲ್ಲಿ ಚೌಕಟ್ಟಿನ ಪಾದಗಳು ಸದಾ ತೊಯ್ದಿರುತ್ತವೆ. ಅಲ್ಲಿಯೇ ಕಟ್ಟಿಗೆ ಕೊಳೆಯುತ್ತದೆ, ಅಲ್ಲಿಂದಲೇ ಒರಲೆ ಏರುತ್ತದೆ. ಗೆಣ್ಣಿನಿಂದ ತಟ್ಟಿದರೆ ಮೇಲ್ಗಡೆ ಕಣಕಣ, ಪಾದದಲ್ಲಿ ಡೊಬ್ಬೆಂಬ ಸದ್ದು. ಪೂಜೆ ಬಿಡಿರೆಂದು ಹೇಳುವ ಧೈರ್ಯವೂ ಇಲ್ಲ, ಇಷ್ಟವೂ ಇಲ್ಲ. ತೊಳೆದ ಮೇಲೆ ಒಣಬಟ್ಟೆಯಿಂದ ಪಾದಗಳನ್ನು ಒರೆಸುವುದನ್ನೂ ಪೂಜೆಯ ಅಂಗವೆಂದು ಎಣಿಸಬಹುದಲ್ಲ? ಹೊಸ್ತಿಲನ್ನು ಕಲ್ಲಿನಿಂದ ಮಾಡುತ್ತಿದ್ದ ಹಿಂದಿನವರು ಈ ತೊಡಕನ್ನು ಮೊದಲೇ ಬಿಡಿಸಿದ್ದರು. ೧೧ನೆಯ ಶತಮಾನದ ಚಾಲುಕ್ಯರ ಗುಡಿಗಳಿರುವ ಸೂಡಿ ಇಲ್ಲಿಂದ ದೂರವಲ್ಲ. ಆ ಕಾಲದ ಗುಡಿಗಳ ದ್ವಾರಬಂಧವನ್ನು ನೋಡಲು ಹೋದವರು ಗಜಲಕ್ಷ್ಮಿಯನ್ನೂ ಬಳ್ಳಿಗಳನ್ನೂ ನೋಡಿ ಬರುತ್ತಾರೆ. ಹೊಸ್ತಿಲ ಒಳಮೂಲೆಯಲ್ಲಿ ಬಾಗಿ ನೋಡುವವರು ಕಡಿಮೆ. ಬಿಜಾಗರಿಯಿಲ್ಲದ ಕಾಲದಲ್ಲಿ ಕದದ ಮೂಲೆಯಿಂದ ಮೇಲೆ ಕೆಳಗೆ ಚಾಚಿದ ಗೂಟಗಳೇ ತಿರುಗುಣಿ. ಅವು ಕೂರಲು ಕಲ್ಲಿನಲ್ಲಿ ಕುಳಿ ತೋಡುತ್ತಿದ್ದರು. ಕದದ ಭಾರ ನೇರವಾಗಿ ಕಲ್ಲಿಗೆ ಇಳಿಯುತ್ತಿತ್ತು. ಪಕ್ಕಕ್ಕೆ ಜಗ್ಗಿ ಮೊಳೆ ಕೀಳುವ ಪ್ರಶ್ನೆಯೇ ಇರಲಿಲ್ಲ. ಗೂಟ ಸವೆದರೆ ಕುಳಿಯಲ್ಲಿ ಒಂದು ಕಬ್ಬಿಣದ ಬಿಲ್ಲೆ ಇಟ್ಟರಾಯಿತು.

೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ನುಗ್ಗಿದುದನ್ನು ಇಲ್ಲಿ ನೆನೆಯಬೇಕಾಗಿದೆ. ನೀರು ಇಳಿದ ಮೇಲೆ ಕದಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಅಂಥ ಕದವನ್ನು ಒದ್ದು ತೆರೆಯಬಾರದು. ತೊಯ್ದ ಮಣ್ಣಿನ ಗೋಡೆಗೆ ಆ ಪೆಟ್ಟು ತಾಳದು. ಬಿಜಾಗರಿಯ ಕಡ್ಡಿಯನ್ನು ಹೊರಗೆಳೆದು ಕದವನ್ನೇ ಇಳಿಸಿ, ನೆರಳಿನಲ್ಲಿ ಚಪ್ಪಟೆಯಾಗಿ, ಅಡ್ಡಪಟ್ಟಿಗಳ ಮೇಲೆ ಇಟ್ಟು ನಿಧಾನವಾಗಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಅದು ಬಿಲ್ಲಾಗುತ್ತದೆ.

ಹೊಳೆ ಬಾರದ ಊರಿನಲ್ಲಿಯೂ ಜಡಿಮಳೆ ಬರುತ್ತದೆ. ಮಾಳಿಗೆಯ ಮೇಲ್ಮುದ್ದೆ ನೀರು ಕುಡಿದು ಭಾರವಾಗುತ್ತದೆ, ಅದನ್ನು ಹೊತ್ತ ಗೋಡೆಯ ಬುಡ ಅದೇ ಹೊತ್ತಿಗೆ ಮೆತ್ತಗಾಗುತ್ತದೆ. ನಿನ್ನೆ ರಾತ್ರಿ ಸಲೀಸಾಗಿ ಮುಚ್ಚಿದ ಕದ ಇಂದು ನಸುಕಿನಲ್ಲಿ ಮೇಲ್ಪಟ್ಟಿಗೆ ಹಿಡಿದರೆ, ಅದು ಕಟ್ಟಿಗೆಯ ಹಿಗ್ಗಲ್ಲ; ಕಟ್ಟಿಗೆ ಒಂದು ರಾತ್ರಿಯಲ್ಲಿ, ಅದೂ ಎತ್ತರದಲ್ಲಿ, ಅಷ್ಟು ಹಿಗ್ಗುವುದಿಲ್ಲ. ಮೇಲಿನ ತೊಲೆ ಇಳಿದಿದೆ, ಇಲ್ಲವೆ ಗೋಡೆ ಕುಸಿಯತೊಡಗಿದೆ. ಆಗ ಬಡಿಗನನ್ನು ಕರೆಯುವ ಮೊದಲು ಮಕ್ಕಳನ್ನೂ ಮುದುಕರನ್ನೂ ಇನ್ನೊಂದು ಬಾಗಿಲಿನಿಂದ ಹೊರಗೆ ಕಳಿಸಬೇಕು. ದನಗಳ ಹಗ್ಗ ಬಿಚ್ಚಬೇಕು. ಆ ಕದವನ್ನು ನೂಕುವ ಗೊಡವೆಗೆ ಹೋಗಬಾರದು.

ನಾನಿರುವ ಮನೆಯ ತಲಬಾಗಿಲಿನ ಚೌಕಟ್ಟಿನ ಮೇಲೆ, ಕದದ ತಲೆ ಎಲ್ಲಿಗೆ ಬರುತ್ತದೆಂದು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಪೆನ್ಸಿಲಿನಿಂದ ಗೆರೆ ಎಳೆದು ವರ್ಷ ಬರೆದಿಡುತ್ತೇನೆ. ಬಡಿಗರು ಹೇಳಿಕೊಟ್ಟ ರೂಢಿ. ಅವರು ಈಗಿಲ್ಲ. ಗೆರೆಗಳು ಬೇಸಿಗೆಗೆ ಇಳಿದು ಮಳೆಗೆ ಏರಿ ಬಹುಮಟ್ಟಿಗೆ ಒಂದರ ಮೇಲೊಂದು ಬಂದು ಕೂರುತ್ತಿದ್ದವು. ಹೋದ ದೀಪಾವಳಿಯ ಗೆರೆ ಮಾತ್ರ ಉಳಿದವುಗಳಿಂದ ಒಂದು ಜೋಳದ ಕಾಳಿನಷ್ಟು ಈಚೆಗೆ ಬಿದ್ದಿದೆ. ಈ ಬೇಸಿಗೆಯಲ್ಲಿ ಹಿತ್ತಿಲ ಮೂಲೆಯ ಎರೆ ತೆಗೆಸಬೇಕು. ಗರಸಿನ ಬಂಡಿಗೆ ಹೇಳಿ ಬಂದಿದ್ದೇನೆ.