ಮಗ್ಗಿ ಬಾಯಿಪಾಠ, ಲೆಕ್ಕ ಮಾತ್ರ ಕಬ್ಬಿಣದ ಕಡಲೆ

ಕನ್ನಡದಲ್ಲಿ 92, ಸಮಾಜ ವಿಜ್ಞಾನದಲ್ಲಿ 88, ಗಣಿತದಲ್ಲಿ 18. ಇಂಥ ಅಂಕಪಟ್ಟಿ ಕಂಡ ಪಾಲಕರ ತೀರ್ಮಾನ ಸಾಮಾನ್ಯವಾಗಿ ಒಂದೇ: 'ಬುದ್ಧಿ ಇದೆ, ಮನಸ್ಸಿಟ್ಟು ಮಾಡುವುದಿಲ್ಲ.' ಮನೆಪಾಠ ಹೆಚ್ಚುತ್ತದೆ, ಬೈಗುಳವೂ ಹೆಚ್ಚುತ್ತದೆ. ಅಂಕ ಹೆಚ್ಚುವುದಿಲ್ಲ.

ಗಣಿತದಲ್ಲಿ ಹಿಂದುಳಿಯಲು ಕಳಪೆ ಬೋಧನೆ, ಶಾಲೆ ತಪ್ಪಿಸಿದ ದಿನಗಳು, ಬರಿಯ ಭಯ ಹೀಗೆ ಹಲವು ಕಾರಣಗಳುಂಟು. ಆದರೆ ಅಂದಾಜು ಶೇ 3ರಿಂದ 6ರಷ್ಟು ಮಕ್ಕಳಲ್ಲಿ ಇದಕ್ಕೆ 'ಡಿಸ್‌ಕ್ಯಾಲ್ಕುಲಿಯಾ' ಎಂಬ ಕಲಿಕಾ ನ್ಯೂನತೆ ಕಾರಣ. ಸಾಮಾನ್ಯ ಬುದ್ಧಿಶಕ್ತಿಗೆ ಕುಂದಿಲ್ಲದೆ ಗಣಿತ ಸಾಮರ್ಥ್ಯವೊಂದೇ ಕುಂಠಿತವಾಗುವ ಈ ಸ್ಥಿತಿಯನ್ನು ಮನೋವಿಜ್ಞಾನಿ ಲಾಡಿಸ್ಲಾವ್ ಕೋಶ್ಚ್ 1974ರಲ್ಲೇ ವಿವರಿಸಿದ್ದರು.

ನಮ್ಮಲ್ಲಿ ಇದು ಬೇಗ ಪತ್ತೆಯಾಗದಿರಲು ಮಗ್ಗಿಯೂ ಒಂದು ಕಾರಣ ಎನ್ನಬೇಕು. ಮಾತಿನಲ್ಲಿ ಚುರುಕಾದ ಮಗು ಹನ್ನೆರಡರ ಮಗ್ಗಿಯನ್ನು ಪದ್ಯದಂತೆ ಒಪ್ಪಿಸಿಬಿಡಬಲ್ಲದು. ಅದು ಭಾಷೆಯ ನೆನಪು. ಎಂಟು ಐದಕ್ಕಿಂತ ಎಷ್ಟು ಹೆಚ್ಚು ಎಂದು ಕೇಳಿ ನೋಡಿ, ಅದೇ ಮಗು ಬೆರಳು ಮಡಚತೊಡಗುತ್ತದೆ. ಪ್ರಮಾಣದ ಅರಿವೇ ಬೇರೆ. ಮೆದುಳಿನ ಮೇಲ್ಭಾಗದಲ್ಲಿ, ತುಸು ಹಿಂದಕ್ಕೆ ಇರುವ ಪೆರೈಟಲ್ ಹಾಲೆಗೆ ಅದರಲ್ಲಿ ಮುಖ್ಯ ಪಾತ್ರವಿದೆ. 'ನೂರಾ ಮೂರು' ಎಂದರೆ 1003 ಎಂದು ಬರೆಯುವುದು, ಚಿಲ್ಲರೆ ಎಣಿಸಲು ತಡವರಿಸುವುದು, ಗಡಿಯಾರ ನೋಡಿ ಗಂಟೆ ಹೇಳಲಾಗದಿರುವುದು ಉಳಿದ ಸೂಚನೆಗಳು. ಒಂದೆರಡು ಬಾರಿಯ ತಪ್ಪಲ್ಲ, ವರ್ಷಗಟ್ಟಲೆ ಉಳಿಯುವ ತೊಡಕು ಎಂಬುದು ಗಮನಾರ್ಹ. ಕೆಳ ತರಗತಿಗಳಲ್ಲಿ ಬಾಯಿಪಾಠ ಇದನ್ನು ಮುಚ್ಚಿಡುತ್ತದೆ. ಭಿನ್ನರಾಶಿ ಬಂದಾಗ ಬಯಲಾಗುತ್ತದೆ. ಆ ಹೊತ್ತಿಗೆ 'ದಡ್ಡ' ಎಂಬ ಮಾತನ್ನು ಮಗು ನಂಬಿರುತ್ತದೆ.

ಇದು ಔಷಧದಿಂದ ವಾಸಿಯಾಗುವಂಥದ್ದಲ್ಲ, ಕಲಿಸುವ ಕ್ರಮ ಬದಲಾಗಬೇಕು. ಹುಣಿಸೆ ಬೀಜ, ನಾಣ್ಯಗಳನ್ನು ಕೈಗೆ ಕೊಟ್ಟು ಗುಂಪು ಮಾಡಿಸುವುದು, ನೆಲದ ಮೇಲೆ ಸಂಖ್ಯಾರೇಖೆ ಬರೆದು ನಡೆಸುವುದು ಪ್ರಯೋಜನಕಾರಿ. ಭಾಷೆ ಬಲವಾಗಿದ್ದರೆ ಲೆಕ್ಕದ ಪ್ರತಿ ಹಂತವನ್ನೂ ಬಾಯಿಬಿಟ್ಟು ವಿವರಿಸಲು ಹೇಳಬಹುದು. ಅದೇ ಲೆಕ್ಕವನ್ನು ನೂರು ಸಲ ಬರೆಸುವುದರಿಂದ ಕೈ ನೋಯುತ್ತದೆಯೇ ಹೊರತು ಅರ್ಥ ಹುಟ್ಟುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್‌ಕ್ಯಾಲ್ಕುಲಿಯಾವನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಹೆಸರಿಸಿದೆ. ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಇಂಥ ನ್ಯೂನತೆಗಳ ಪತ್ತೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನೇ ಸೂಚಿಸಿತ್ತು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗೆ ಪ್ರಮಾಣಪತ್ರ ಬೇಕು. ಬಹುತೇಕ ಪಾಲಕರು ಇದಕ್ಕಾಗಿ ಓಡಾಡತೊಡಗುವುದು ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ. ಮೂರನೇ, ನಾಲ್ಕನೇ ತರಗತಿಯಲ್ಲೇ ತಪಾಸಣೆ ಮಾಡಿಸಿದರೆ ರಿಯಾಯಿತಿಗಿಂತ ಮೊದಲು ಮಗುವಿಗೆ ಸರಿಯಾದ ಪಾಠ ಸಿಗುತ್ತದೆ.