ಮೂರು ಲೈಫಿನ ಆಟ

ನೋಕಿಯಾ ಫೋನಿನಲ್ಲಿದ್ದ ಹಾವಿನ ಆಟ ಫೋನಿಗೆಂದು ಹುಟ್ಟಿದ್ದಲ್ಲ. ಅಮೆರಿಕದ ಗ್ರೆಮ್ಲಿನ್ ಕಂಪನಿ 1976ರಲ್ಲಿ ‘ಬ್ಲಾಕೇಡ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಕಾಯಿನ್ ಹಾಕಿದ ಇಬ್ಬರು ಎದುರುಬದುರಾಗಿ ತಮ್ಮ ತಮ್ಮ ಗೆರೆಯನ್ನು ಬೆಳೆಸುತ್ತ ಹೋಗಬೇಕು. ಗೋಡೆಗೋ, ಎದುರಾಳಿಯ ಗೆರೆಗೋ, ತನ್ನದೇ ಬಾಲಕ್ಕೋ ತಾಗಿದವನು ಸೋತ. 21 ವರ್ಷಗಳ ನಂತರ, 1997ರಲ್ಲಿ, ನೋಕಿಯಾದ ತನೇಲಿ ಅರ್ಮಾಂಟೊ ಅದೇ ಬಗೆಯ ಆಟವನ್ನು 6110 ಫೋನಿನ ಪುಟ್ಟ ಪರದೆಗೆ ಇಳಿಸಿದರು. 2003ರಲ್ಲಿ ಬಂದ ನೋಕಿಯಾ 1100ರಲ್ಲೂ ಹಾವು ಇತ್ತು. ಟಾರ್ಚು ಇದ್ದ, ದೂಳಿಗೆ ಜಗ್ಗದ ಆ ಫೋನು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು.

ಕರ್ನಾಟಕಕ್ಕೆ ತಾಗಿದ ಆಂಧ್ರದ ರಾಯದುರ್ಗ, ಮಡಕಶಿರಾದಂಥ ಗಡಿ ಊರುಗಳ ಮನೆಗಳಿಗೆ ಕಾಯಿನ್ ಹಾಕಿ ಆಡುವ ಆರ್ಕೇಡ್ ಆಟ ತಲುಪಿದ್ದು ಬಹುಮಟ್ಟಿಗೆ ಇಂಥ ಅಡ್ಡದಾರಿಗಳಲ್ಲಿ: ಫೋನಿನೊಳಗೆ, ಟಿವಿಗೆ ಸಿಕ್ಕಿಸುವ ಕ್ಯಾಸೆಟ್ಟಿನೊಳಗೆ, ಜಾತ್ರೆಯ ಅಂಗಡಿಯಲ್ಲಿ ತೂಗುತ್ತಿದ್ದ ‘ಬ್ರಿಕ್ ಗೇಮ್’ ಡಬ್ಬಿಯೊಳಗೆ. ಮೂಲ ಯಂತ್ರವನ್ನು ಕಣ್ಣಾರೆ ಕಾಣದವರೂ ಅದರ ಆಟಗಳನ್ನು ಬಾಯಿಪಾಠ ಮಾಡಿಕೊಂಡರು. ಆ ಆಟಗಳಿಗೆ ಇಷ್ಟು ಆಯುಸ್ಸು ಬಂದದ್ದು ಹೇಗೆ ಎಂಬುದಕ್ಕೆ ಉತ್ತರ ಬಹುಪಾಲು ಆ ಮೂಲ ಯಂತ್ರದ ಇಕ್ಕಟ್ಟಿನಲ್ಲೇ ಇದೆ.

ಮೊದಲ ಇಕ್ಕಟ್ಟು ಕಾಯಿನ್ನಿನದು. 1972ರಲ್ಲಿ ಅಟಾರಿ ಕಂಪನಿಯ ಅಲನ್ ಆಲ್ಕಾರ್ನ್ ‘ಪಾಂಗ್’ ರೂಪಿಸಿದರು: ಎರಡು ಬಿಳಿ ಗೆರೆ, ನಡುವೆ ಪುಟಿಯುವ ಒಂದು ಚುಕ್ಕೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಬಾರಿನಲ್ಲಿ ಅದನ್ನು ಪರೀಕ್ಷೆಗೆ ಇಟ್ಟರು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂಬ ದೂರು ಬಂತು. ಬಿಚ್ಚಿ ನೋಡಿದರೆ ಕೆಟ್ಟಿರಲಿಲ್ಲ, ಕಾಯಿನ್ ಬೀಳುವ ಡಬ್ಬಿ ತುಂಬಿಹೋಗಿತ್ತು. ಆಗಲೇ ಈ ವ್ಯಾಪಾರದ ಸೂತ್ರ ಗೊತ್ತಾಯಿತು. ಪಕ್ಕದಲ್ಲಿ ನಿಂತು ಅರೆಗಳಿಗೆ ನೋಡಿದವನಿಗೆ ಆಟ ಅರ್ಥವಾಗಬೇಕು. ಆಡಲು ನಿಂತರೆ ಕೆಲವೇ ನಿಮಿಷಗಳಲ್ಲಿ ಸೋಲಬೇಕು. ಸೋತಾಗ ತಪ್ಪು ತನ್ನದೇ ಎನಿಸಬೇಕು. ಮೂರನೆಯದು ತಪ್ಪಿದರೆ ಮೊದಲೆರಡು ವ್ಯರ್ಥ. ಯಂತ್ರ ಮೋಸ ಮಾಡಿತು ಎಂದುಕೊಂಡವನು ಇನ್ನೊಂದು ಕಾಯಿನ್ ಹಾಕುವುದಿಲ್ಲ.

ಎರಡನೆಯ ಇಕ್ಕಟ್ಟು ಯಂತ್ರದ ಶಕ್ತಿಯದು. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಮಾಡಿದರು. ಮನುಷ್ಯರನ್ನು ಗುರಿಯಾಗಿಸುವುದು ಬೇಡವೆಂದು ಆಕ್ಟೋಪಸ್, ಏಡಿಗಳನ್ನು ಹೋಲುವ ಆಕಾಶಜೀವಿಗಳನ್ನು ಬರೆದರು. ಐದು ಸಾಲು, ಸಾಲಿಗೆ 11, ಒಟ್ಟು 55. ಒಳಗಿದ್ದ ಇಂಟೆಲ್ 8080 ಪ್ರೊಸೆಸರ್‌ಗೆ ಅಷ್ಟನ್ನೂ ಒಮ್ಮೆಗೇ ಸರಿಸುವ ತ್ರಾಣವಿರಲಿಲ್ಲ. ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತಿತ್ತು. ಪ್ರತಿ ಸಲ ಒಂದೇ ಜೀವಿ ಒಂದು ಹೆಜ್ಜೆ ಸರಿಯುತ್ತಿತ್ತು. ಹಾಗಾಗಿ 55 ಜೀವಿಗಳ ದಂಡು ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡು. ಆಟಗಾರ ಅವನ್ನು ಹೊಡೆಯುತ್ತ ಹೋದಂತೆ ಪ್ರೊಸೆಸರ್‌ನ ಹೊರೆ ಇಳಿಯಿತು, ಉಳಿದವುಗಳ ಓಟ ಏರಿತು. ಕೊನೆಗೆ ಉಳಿದ ಒಂದೇ ಒಂದು ಜೀವಿ ಹುಚ್ಚು ಹಿಡಿದಂತೆ ಓಡುತ್ತಿತ್ತು. ಗೆಲುವು ಹತ್ತಿರವಾದಷ್ಟೂ ಕಷ್ಟ ಹೆಚ್ಚುವ ಈ ಏರ್ಪಾಡು ಯಂತ್ರದ ದೌರ್ಬಲ್ಯದಿಂದ ಬಂದದ್ದು. ನಿಶಿಕಾಡೊ ಅದನ್ನು ತಿದ್ದದೆ ಹಾಗೇ ಬಿಟ್ಟರು. ಹಿನ್ನೆಲೆಯ ನಾಲ್ಕು ಸ್ವರಗಳೂ ದಂಡಿನ ಜೊತೆಗೇ ವೇಗ ಪಡೆಯುತ್ತಿದ್ದವು. ಆಡುವವನ ಎದೆಬಡಿತಕ್ಕೆ ತಾಳ ಹಾಕಿದ ಹಾಗೆ. ವಿಡಿಯೊ ಗೇಮಿನ ಇತಿಹಾಸದಲ್ಲಿ ಇದಕ್ಕಿಂತ ಫಲ ಕೊಟ್ಟ ಕೊರತೆ ಇನ್ನೊಂದಿಲ್ಲ.

1980ರಲ್ಲಿ ನಾಮ್ಕೊ ಕಂಪನಿಯ ತೋರು ಇವತಾನಿ ‘ಪ್ಯಾಕ್‌ಮ್ಯಾನ್’ ತಂದರು. ಗುಂಡು ಹಾರಿಸುವ ಆಟಗಳಿಂದ ದೂರ ಉಳಿದಿದ್ದ ಹೆಣ್ಣುಮಕ್ಕಳೂ ಆಡಬೇಕೆಂಬುದು ಅವರ ಆಸೆ. ಅದಕ್ಕೇ ಆಟ ತಿನ್ನುವುದರ ಸುತ್ತ ಬೆಳೆಯಿತು. ಚಕ್ರವ್ಯೂಹದಲ್ಲಿ 240 ಸಣ್ಣ ಚುಕ್ಕೆ, ನಾಲ್ಕು ದೊಡ್ಡ ಚುಕ್ಕೆ, ನಾಲ್ಕು ಭೂತ. ಭೂತಗಳಿಗೆ ಒಂದೊಂದು ಸ್ವಭಾವ. ಕೆಂಪು ಭೂತ ನೇರ ಬೆನ್ನು ಹತ್ತುತ್ತದೆ. ಗುಲಾಬಿ ಭೂತದ ಗುರಿ ಆಟಗಾರನ ಮೂತಿಯಿಂದ ನಾಲ್ಕು ಮನೆ ಮುಂದೆ. ಅಡ್ಡಗಟ್ಟುವುದೇ ಅದರ ಕೆಲಸ. ನೀಲಿ ಭೂತ ಆಟಗಾರನ ಜಾಗವನ್ನೂ ಕೆಂಪು ಭೂತದ ಜಾಗವನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಕಿತ್ತಳೆ ಭೂತ ದೂರವಿದ್ದಾಗ ಅಟ್ಟಿ ಬಂದು, ಎಂಟು ಮನೆಯೊಳಗೆ ಬಂದೊಡನೆ ತನ್ನ ಮೂಲೆಗೆ ತಿರುಗುತ್ತದೆ. ಆಟಗಾರ ಕೂದಲೆಳೆಯಷ್ಟೂ ತಪ್ಪದೆ ಒಂದೇ ಹಾದಿಯಲ್ಲಿ ನಡೆದರೆ ಭೂತಗಳೂ ಪ್ರತಿ ಸಲ ಅದೇ ಹಾದಿ ಹಿಡಿಯುತ್ತವೆ. ಇಷ್ಟನ್ನು ಯಂತ್ರದ ಮೇಲೆ ಯಾರೂ ಬರೆದಿರಲಿಲ್ಲ. ಆಡಿ, ಸೋತು, ಪಕ್ಕದವನ ಆಟ ನೋಡಿ, ಜನ ಕಂಡುಕೊಂಡರು. ಹಾದಿಗಳನ್ನು ಬರೆದಿಟ್ಟುಕೊಂಡರು, ಹಂಚಿಕೊಂಡರು. ಹಳೆಯ ಆರ್ಕೇಡ್ ಆಟದ ಸೆಳೆತದ ತಿರುಳು ಇದೇ: ಅದು ಕಲಿತವರಿಗೆ ಒಲಿಯುತ್ತದೆ.

ಈ ಗುಣ ಗಡಿ ಸೀಮೆಯವರಿಗೆ ಹೊಸದಲ್ಲ. ಕನ್ನಡದಲ್ಲಿ ಆಡು-ಹುಲಿ, ತೆಲುಗಿನಲ್ಲಿ ಪುಲಿ-ಮೇಕ ಎನ್ನಿಸಿಕೊಳ್ಳುವ ಆಟದ ಗೆರೆಗಳನ್ನು ಹಳೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಕೊರೆದಿರುತ್ತಾರೆ. ಪ್ರಚಲಿತ ಕ್ರಮದಲ್ಲಿ ಮೂರು ಹುಲಿ, 15 ಆಡು. ಚೌಕಾಬಾರದಲ್ಲಿ ಕವಡೆ ಬಿದ್ದಂತೆ ಕಾಯಿ ನಡೆಯಬೇಕು. ಆಡು-ಹುಲಿಯಲ್ಲಿ ಕವಡೆಯಿಲ್ಲ, ದಾಳವಿಲ್ಲ. ಎಲ್ಲ ಕಾಯಿಗಳೂ ಕಣ್ಣೆದುರೇ ಇರುತ್ತವೆ, ಸೋಲು ಪೂರ್ತಿ ಸೋತವನದೇ. ಒಂದೇ ಪರದೆಯಲ್ಲಿ ಇಡೀ ಲೋಕವನ್ನು ಬಿಚ್ಚಿಡುವ ಪ್ಯಾಕ್‌ಮ್ಯಾನ್ ಈ ಕುಲಕ್ಕೆ ಸೇರಿದ್ದು.

ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ಕೋರ್ಟಿಗೂ ಹೋಯಿತು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅಡಿಯಲ್ಲಿ 1989ರಲ್ಲಿ ಹೊರಟ ಆದೇಶದಂತೆ ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಲೈಸೆನ್ಸ್ ಬೇಕಾಯಿತು. ವಿಡಿಯೊ ಗೇಮ್ ಪಾರ್ಲರ್‌ನವರು ಅದನ್ನು ಪ್ರಶ್ನಿಸಿದರು. ‘ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಲೈಸೆನ್ಸ್ ಪದ್ಧತಿಯನ್ನು ಎತ್ತಿಹಿಡಿಯಿತು: ಆಟ ಕೌಶಲದ್ದೇ ಆದರೂ ಅದನ್ನು ಆಡಿಸುವ ಜಾಗವನ್ನು ನಿಯಂತ್ರಿಸಬಹುದು. ಗಡಿಯ ಈಚೆ ಬೇರೆಯದೇ ಕಾನೂನು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆಂಧ್ರಕ್ಕೆ ಸೇರಿದ ರಾಯದುರ್ಗಕ್ಕೂ, ಮೂರು ಕಡೆ ಕರ್ನಾಟಕ ಸುತ್ತುವರಿದ ಮಡಕಶಿರಾಕ್ಕೂ ಅನ್ವಯಿಸುವುದು ಆಂಧ್ರಪ್ರದೇಶದ 1974ರ ಗೇಮಿಂಗ್ ಕಾಯ್ದೆ. ಅದು ಬಂದಾಗ ಕೌಶಲದ ಆಟಗಳನ್ನು ಜೂಜಿನ ಪಟ್ಟಿಯಿಂದ ಹೊರಗಿಟ್ಟಿತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದೂ ಆಂಧ್ರದಿಂದ ಹೋದ ಮೊಕದ್ದಮೆಯಲ್ಲೇ. ಪಾರ್ಲರ್‌ಗಳ ಮೇಲೆ ನಿಗಾ ಇಟ್ಟದ್ದು ನ್ಯಾಯವೇ. ಆದರೆ ಹಣ ಪಣಕ್ಕಿಡುವ ಯಂತ್ರವನ್ನೂ ಪ್ಯಾಕ್‌ಮ್ಯಾನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ಯಾಕ್‌ಮ್ಯಾನ್ ಗೆದ್ದವನಿಗೆ ಕೊಡುವುದು ಅಂಕಿ ಮಾತ್ರ.

ಪಾರ್ಲರ್‌ಗಳ ಕಾಲದಲ್ಲೇ ಆಟ ಮನೆಗೂ ಬಂತು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ‘ಫ್ಯಾಮಿಲಿ ಕಂಪ್ಯೂಟರ್’ ಪೆಟ್ಟಿಗೆಯ ನಕಲುಗಳು 1990ರ ದಶಕದಲ್ಲಿ ಭಾರತದ ಅಂಗಡಿಗಳನ್ನು ತುಂಬಿದವು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದಿದ್ದರೂ ಒಳಗಿರುತ್ತಿದ್ದವು ಬೆರಳೆಣಿಕೆಯ ಆಟಗಳು, ಅವೇ ಮತ್ತೆ ಮತ್ತೆ. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದು ಎಲ್ಲ ಮನೆಯ ರಿಪೇರಿ. 1987ರಲ್ಲಿ ಆರ್ಕೇಡ್ ಯಂತ್ರವಾಗಿ ಹುಟ್ಟಿದ ‘ಕಾಂಟ್ರಾ’ ಇಲ್ಲಿ ಹೊಸ ರೂಪ ಪಡೆಯಿತು: ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಮೂರು ಲೈಫಿನ ಬದಲು 30. ಕಾಯಿನ್ ಕೇಳದ ಮನೆಯ ಆಟಕ್ಕೆ ಆ ಔದಾರ್ಯ ಸಾಧ್ಯವಿತ್ತು. ಕ್ಯಾಪ್ಕಾಮ್ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಭಾರತದ ಪಾರ್ಲರ್‌ಗಳಲ್ಲಿ ಆ ಹೆಸರಿನಿಂದ ಅಷ್ಟಾಗಿ ಪರಿಚಿತವಾಗಲಿಲ್ಲ; ಅದರ ಒಬ್ಬ ನಾಯಕನ ಹೆಸರು ಹಿಡಿದು ಜನ ಅದನ್ನು ‘ಮುಸ್ತಫಾ ಗೇಮ್’ ಎಂದು ಕರೆದರು.

ಮೂಲ ಯಂತ್ರಗಳು ತುಕ್ಕು ಹಿಡಿಯತೊಡಗಿದಾಗ ಅವುಗಳ ಒಳಗಿನ ಪ್ರೋಗ್ರಾಂಗಳನ್ನು ಉಳಿಸುವ ಕೆಲಸ ಶುರುವಾಯಿತು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ‘ಮೇಮ್’ ಎಂಬ ಸಾಫ್ಟ್‌ವೇರ್‌ನ ಮೊದಲ ಆವೃತ್ತಿ ಬಿಟ್ಟರು. ಅದು ಹಳೆಯ ಯಂತ್ರದ ಒಂದೊಂದು ಚಿಪ್ಪಿನ ನಡವಳಿಕೆಯನ್ನೂ ಕಂಪ್ಯೂಟರಿನಲ್ಲಿ ಮರುಸೃಷ್ಟಿಸುತ್ತದೆ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ಯಾಕ್‌ಮ್ಯಾನ್, ಟೆಟ್ರಿಸ್ ಸೇರಿದಂತೆ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಪಡೆಯಿತು. ಪ್ಯಾಕ್‌ಮ್ಯಾನ್ ಯಂತ್ರದಲ್ಲಿ ಒಂದು ದೋಷವೂ ಇತ್ತು: ಲೆವೆಲ್ಲನ್ನು ಎಣಿಸುವ ಜಾಗದಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುತ್ತಿರಲಿಲ್ಲ. 256ನೆಯ ಲೆವೆಲ್‌ನಲ್ಲಿ ಪರದೆಯ ಬಲ ಅರ್ಧ ಅಕ್ಷರ, ಬಣ್ಣಗಳ ಕಲಸುಮೇಲೋಗರವಾಗಿ ಆಟ ಅಲ್ಲೇ ನಿಲ್ಲುತ್ತಿತ್ತು. ಉಳಿಸಿದವರು ಆ ದೋಷವನ್ನೂ ಉಳಿಸಿದ್ದಾರೆ. ಒಂದು ಲೈಫೂ ಕಳೆಯದೆ ಅಷ್ಟು ದೂರ ಬಂದವರಿಗೆ ಇವತ್ತಿಗೂ ಕಾಣುವುದು ಎಡಕ್ಕೆ ಅರ್ಧ ಚಕ್ರವ್ಯೂಹ, ಬಲಕ್ಕೆ ಆ ಚೆಲ್ಲಾಪಿಲ್ಲಿ ಅಕ್ಷರಗಳು.