ನೀರು ಎಷ್ಟು ಹೊತ್ತು ನಿಂತಿತ್ತು?

ಇಂಗ್ಲೆಂಡಿನ ದೊಡ್ಡ ಆಸ್ಪತ್ರೆಗಳಲ್ಲಿ ಕೈಯಲ್ಲೊಂದು ಥರ್ಮಾಮೀಟರ್, ಕಂಕುಳಲ್ಲೊಂದು ದಾಖಲೆ ಪುಸ್ತಕ ಹಿಡಿದು ವಾರ್ಡಿನಿಂದ ವಾರ್ಡಿಗೆ ತಿರುಗುವ ಕೆಲಸಗಾರರಿರುತ್ತಾರೆ. ಬಿಸಿನೀರಿನ ನಲ್ಲಿ ತಿರುಗಿಸಿ ಗಡಿಯಾರ ನೋಡುತ್ತಾರೆ. ಒಂದು ನಿಮಿಷದೊಳಗೆ ನೀರು 55 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಆಸ್ಪತ್ರೆಯಲ್ಲದ ಕಟ್ಟಡವಾದರೆ 50 ಸಾಕು. ಆಮೇಲೆ ತಣ್ಣೀರಿನ ನಲ್ಲಿ. ಎರಡು ನಿಮಿಷದೊಳಗೆ ಅದು 20 ಡಿಗ್ರಿಗಿಂತ ಕೆಳಗಿಳಿಯಬೇಕು. ಎರಡೂ ಅಂಕಿ ಬರೆದುಕೊಂಡು ಮುಂದಿನ ಕೋಣೆಗೆ ಹೋಗುತ್ತಾರೆ. ನೋಡುವವರಿಗೆ ಇದು ಬರೀ ಗುಮಾಸ್ತಿಕೆ ಅನ್ನಿಸಬಹುದು. ಆದರೆ ಗೋಡೆಯೊಳಗೆ, ಫಾಲ್ಸ್ ಸೀಲಿಂಗಿನ ಮೇಲೆ, ನೆಲದಡಿ ಹರಿದಿರುವ, ಯಾರ ಕಣ್ಣಿಗೂ ಬೀಳದ ಪೈಪುಗಳ ಸ್ಥಿತಿಯನ್ನು ಆ ಎರಡು ಅಂಕಿಗಳಿಂದಲೇ ಅವರು ಓದುತ್ತಿರುತ್ತಾರೆ.

ಕಟ್ಟಡದ ನೀರಿನಲ್ಲಿ ರೋಗಾಣು ಬೆಳೆಯದಂತೆ ಕಾಯುವ ಈ ಕಸುಬನ್ನು ತಿಳಿದುಕೊಂಡಷ್ಟೂ ಅದರ ಮೇಲೆ ನನ್ನ ಗೌರವ ಹೆಚ್ಚಿದೆ. ನೀರು ಶುದ್ಧವಾಗಿದೆಯೇ ಎಂದು ನಾವೆಲ್ಲ ಕೇಳುತ್ತೇವೆ. ಈ ಕಸುಬಿನವರು ಅದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದಿದೆ: ಈ ನೀರು ಇಲ್ಲಿ ಎಷ್ಟು ಹೊತ್ತು ನಿಂತಿತ್ತು, ನಿಂತಾಗ ಎಷ್ಟು ಬೆಚ್ಚಗಿತ್ತು? ಅವರ ವಿದ್ಯೆಯೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದ್ದು.

ಹಾಗೆ ಕೇಳುವುದನ್ನು ಜಗತ್ತು ಕಲಿತದ್ದು ಪ್ರಾಣಗಳನ್ನು ತೆತ್ತು. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ನಿನ ಸಮ್ಮೇಳನ ನಡೆಯಿತು. ಊರಿಗೆ ಮರಳಿದ ಪ್ರತಿನಿಧಿಗಳು ಕೆಲವೇ ದಿನಗಳಲ್ಲಿ ಒಬ್ಬೊಬ್ಬರಾಗಿ ಜ್ವರ, ಕೆಮ್ಮು, ನ್ಯುಮೋನಿಯಾದಿಂದ ಮಲಗಿದರು. ಸಮ್ಮೇಳನಕ್ಕೆ ಸಂಬಂಧವೇ ಇಲ್ಲದೆ ಹೋಟೆಲಿನ ಮುಂದೆ ಓಡಾಡಿದ್ದವರೂ ಹಾಗೆಯೇ ಮಲಗಿದರು. ಒಟ್ಟು 200ಕ್ಕೂ ಹೆಚ್ಚು ಜನ ಕಾಯಿಲೆಬಿದ್ದರು, 34 ಮಂದಿ ತೀರಿಕೊಂಡರು. ಹಂದಿಜ್ವರವೋ, ಲೋಹದ ವಿಷವೋ ಎಂದು ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿ ಹಿಂದೊಮ್ಮೆ ನೋಡಿ ಪಕ್ಕಕ್ಕಿಟ್ಟಿದ್ದ ಸ್ಲೈಡುಗಳನ್ನು ವರ್ಷದ ಕೊನೆಯ ರಜೆಯಲ್ಲಿ ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು. ಮೂಲೆಯೊಂದರಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳ ಗುಂಪು ಕಂಡಿತು. 1977ರ ಜನವರಿಯಲ್ಲಿ ಅವರೂ ಅದೇ ಕೇಂದ್ರದ ಚಾರ್ಲ್ಸ್ ಶೆಪರ್ಡ್ ಅವರೂ ಸೇರಿ ಇದೇ ಆ ರೋಗಾಣು ಎಂದು ಸಾರಿದರು. ಸತ್ತವರ ಸಂಘದ ಹೆಸರೇ ಅದಕ್ಕೆ ಉಳಿಯಿತು: ಲೀಜನೆಲ್ಲಾ.

ಅದು ಹೊಸದಾಗಿ ಹುಟ್ಟಿದ ಜೀವಿಯಲ್ಲ. ನದಿ, ಕೆರೆ, ಒದ್ದೆ ಮಣ್ಣಿನಲ್ಲಿ ಹಿಂದಿನಿಂದಲೂ ಅಲ್ಪಸ್ವಲ್ಪ ಇದ್ದದ್ದೇ. ಅಲ್ಲಿ ಅದರಿಂದ ಯಾರಿಗೂ ಹೆಚ್ಚಿನ ತೊಂದರೆಯಿಲ್ಲ. 20 ಡಿಗ್ರಿಯ ಕೆಳಗೆ ಅದು ಸುಮ್ಮನಿರುತ್ತದೆ. 60 ಡಿಗ್ರಿಯಲ್ಲಿ ನಿಮಿಷಗಳಲ್ಲಿ ಸಾಯುತ್ತದೆ. ನಡುವಿನ ಉಗುರುಬೆಚ್ಚಗಿನ ನೀರು, ಅದರಲ್ಲೂ 35ರ ಆಸುಪಾಸು, ಅದಕ್ಕೆ ಬಹಳ ಹಿತ. ಪೈಪಿನ ಒಳಮೈಗೆ ಹತ್ತುವ ಲೋಳೆಯಲ್ಲಿ ಅಮೀಬಾಗಳು ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುತ್ತವೆ. ಲೀಜನೆಲ್ಲಾವನ್ನೂ ನುಂಗುತ್ತವೆ. ಆದರೆ ಅದು ಅಮೀಬಾದ ಹೊಟ್ಟೆಯಲ್ಲಿ ಜೀರ್ಣವಾಗದೆ ಅಲ್ಲೇ ಮರಿಹಾಕಿ, ಕೊನೆಗೆ ಅದನ್ನೇ ಒಡೆದುಕೊಂಡು ಹೊರಬರುತ್ತದೆ. ಇದನ್ನು 1980ರಲ್ಲಿ ಇಂಗ್ಲೆಂಡಿನ ಟಿಮೊಥಿ ರೋಬೊಥಮ್ ತೋರಿಸಿಕೊಟ್ಟರು. ನಮ್ಮ ಶ್ವಾಸಕೋಶದಲ್ಲಿ ರೋಗಾಣುಗಳನ್ನು ನುಂಗುವ ರಕ್ಷಕ ಕಣಗಳೂ ಅಮೀಬಾದಂತೆಯೇ ಕೆಲಸ ಮಾಡುವುದರಿಂದ ಅಲ್ಲೂ ಇದರದ್ದು ಅದೇ ವರಸೆ. ನೀರು ಕುಡಿದರೆ ಸಾಮಾನ್ಯವಾಗಿ ಈ ರೋಗ ಬರುವುದಿಲ್ಲ. ಶವರು, ಕಾರಂಜಿ, ಎ.ಸಿ. ಘಟಕದ ಕೂಲಿಂಗ್ ಟವರುಗಳಿಂದ ಏಳುವ ಸಣ್ಣ ತುಂತುರು ಉಸಿರಿನೊಂದಿಗೆ ಒಳಗೆ ಹೋಗಬೇಕು. ವಯಸ್ಸಾದವರು, ಸಿಗರೇಟು ಸೇದುವವರು, ರೋಗನಿರೋಧಕ ಶಕ್ತಿ ಕುಂದಿದವರು ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಅಂದರೆ ಕೆರೆಯಲ್ಲಿ ಸಾಧುವಾಗಿದ್ದ ಜೀವಿಗೆ ಬೆಚ್ಚನೆಯ ಜಾಗ, ನಿಂತ ನೀರು, ಹಾರಿಬರಲು ತುಂತುರು, ಮೂರನ್ನೂ ಒದಗಿಸಿದ್ದು ನಮ್ಮ ಕಟ್ಟಡಗಳೇ.

ಇನ್ನು ಬಿಸಿನೀರಿನ ಕಡೆ ಬರೋಣ. ಕಸುಬಿನ ಸೊಗಸು ಹೆಚ್ಚು ಕಾಣುವುದು ಅಲ್ಲಿ. ದೊಡ್ಡ ಆಸ್ಪತ್ರೆಯಲ್ಲಿ ಬಚ್ಚಲಿಗೊಂದು ಗೀಸರ್ ಇರುವುದಿಲ್ಲ. ಒಂದೇ ಕಡೆ ದೊಡ್ಡ ಟ್ಯಾಂಕಿನಲ್ಲಿ ನೀರು 60 ಡಿಗ್ರಿಗೆ ಕಾದು ಮಹಡಿಗಳನ್ನೆಲ್ಲ ಸುತ್ತುತ್ತದೆ, ಬಳಕೆಯಾಗದೆ ಉಳಿದದ್ದು ಬೇರೊಂದು ಪೈಪಿನಲ್ಲಿ ಅದೇ ಟ್ಯಾಂಕಿಗೆ ಮರಳುತ್ತದೆ. ಹಗಲೂ ರಾತ್ರಿಯೂ ಪಂಪು ಅದನ್ನು ಸುತ್ತಿಸುತ್ತಲೇ ಇರಬೇಕು, ಮರಳುವಾಗಲೂ ಅದು ಸಾಕಷ್ಟು ಬಿಸಿಯಾಗಿಯೇ ಇರಬೇಕು. ಹೇಳಲು ಸುಲಭ. ಆದರೆ ಆ ಸುತ್ತಿಗೆ ಹತ್ತಾರು ಕವಲುಗಳಿವೆ, ನೀರೋ ಸಲೀಸಾದ ದಾರಿಯನ್ನೇ ಹಿಡಿಯುತ್ತದೆ. ಕಾಲುವೆಯ ತಲೆಭಾಗದವರು ಗದ್ದೆ ತುಂಬಿಸಿಕೊಂಡರೆ ಕೊನೆಭಾಗದ ರೈತರು ತೂಬಿನ ಬಳಿ ಕಾಯುತ್ತ ಕೂರಬೇಕಲ್ಲ, ಇಲ್ಲೂ ಹಾಗೆಯೇ. ಪಂಪಿಗೆ ಹತ್ತಿರದ ಕವಲಿನಲ್ಲಿ ನೀರು ಧಾರಾಳವಾಗಿ ಸುತ್ತಿ ಬಿಸಿಯಾಗಿಯೇ ಮರಳುತ್ತದೆ. ಐದನೇ ಮಹಡಿಯ ತುದಿಯ ಕವಲಿನಲ್ಲಿ ಅದು ತೆವಳುತ್ತ, ಆರುತ್ತ, 40 ಡಿಗ್ರಿಗಿಳಿದು ನಿಂತೇಬಿಡುತ್ತದೆ. ಟ್ಯಾಂಕಿನ ಬಳಿಯ ಮೀಟರು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ, ಏಕೆಂದರೆ ಅದು ನೋಡುವುದು ಎಲ್ಲ ಕವಲುಗಳೂ ಬೆರೆತ ಮೇಲಿನ ಬಿಸಿಯನ್ನು.

ದೊಡ್ಡ ಪಂಪು ಹಾಕಿದರೆ ಇದು ಬಗೆಹರಿಯುವುದಿಲ್ಲ. ಪ್ರತಿ ಕವಲಿನ ವಾಪಸು ಪೈಪಿಗೂ ಒಂದು ವಾಲ್ವ್ ಇರುತ್ತದೆ. ಹತ್ತಿರದ ಕವಲಿನದನ್ನು ತುಸು ಬಿಗಿ ಮಾಡಬೇಕು, ಮುಂದಿನದನ್ನು ಅದಕ್ಕಿಂತ ಕಡಿಮೆ, ತುದಿಯದನ್ನು ಪೂರ್ತಿ ತೆರೆದಿಡಬೇಕು. ಒಂದನ್ನು ಮುಟ್ಟಿದರೆ ಉಳಿದೆಲ್ಲದರ ಹರಿವೂ ಬದಲಾಗುತ್ತದೆ. ಪೈಪುಗಳು ಹೊಸ ಬಿಸಿಗೆ ಹೊಂದಿಕೊಳ್ಳುವವರೆಗೆ ಕಾದು, ಮತ್ತೆ ಅಳೆದು, ಮತ್ತೆ ಕಾಲು ಸುತ್ತು ತಿರುಗಿಸಬೇಕು. ಪಳಗಿದವರು ಸೀಲಿಂಗಿನ ಹಲಗೆ ಸರಿಸಿ ವಾಪಸು ಪೈಪಿನ ಮೇಲೆ ಅಂಗೈ ಇಟ್ಟರೆ ಸಾಕು, ಯಾವ ಕವಲು ಸೊರಗಿದೆ ಎಂಬುದು ಗೊತ್ತಾಗುತ್ತದೆ. ಥರ್ಮಾಮೀಟರಿನ ಕೆಲಸ ಅದನ್ನು ಖಚಿತಪಡಿಸುವುದು. ಇಷ್ಟೊಂದು ತಾಳ್ಮೆ ಬೇಡುವ ಕೆಲಸವನ್ನು ಕಟ್ಟಡ ಬಿಟ್ಟುಕೊಡುವ ಗಡಿಬಿಡಿಯಲ್ಲಿ ಅರ್ಧ ದಿನದಲ್ಲಿ ಮುಗಿಸಿ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಟ್ಯಾಂಕಿನ ಒಳಗೂ ಇಂಥದ್ದೇ ಮೋಸವಿದೆ. ಬಿಸಿನೀರು ಮೇಲೆ ಸೇರುತ್ತದೆ, ಹೊಸ ತಣ್ಣೀರು ತಳಕ್ಕೆ ಬರುತ್ತದೆ. ಸುಣ್ಣದ ಹುಡಿ, ತುಕ್ಕು, ಗಸಿ ಎಲ್ಲವೂ ತಳಕ್ಕೇ. ಮೇಲಿನ ನೀರು 60 ಇದ್ದರೂ ತಳದಲ್ಲಿ ಗಸಿಯ ನಡುವೆ ಬರೀ ಉಗುರುಬೆಚ್ಚಗಿರಬಹುದು. ಅದಕ್ಕಾಗಿ ಬಳಕೆ ಕಡಿಮೆಯಿರುವ ಹೊತ್ತಿನಲ್ಲಿ ಮೇಲಿನ ನೀರನ್ನು ತಳಕ್ಕೆ ತಿರುಗಿಸುವ ಸಣ್ಣ ಪಂಪು ಇಡುತ್ತಾರೆ. ಆಗಾಗ ತಳದ ವಾಲ್ವ್ ತೆರೆದು, ಬಂದ ನೀರನ್ನು ಪಾತ್ರೆಯಲ್ಲಿ ಹಿಡಿದು ಬಣ್ಣ ನೋಡುತ್ತಾರೆ. ತಿಳಿಯಾಗುವವರೆಗೆ ಹರಿಯಬಿಡುತ್ತಾರೆ.

ಆದರೆ 60 ಡಿಗ್ರಿಯ ನೀರು ಮಗುವಿನ, ಮುದುಕರ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಅದಕ್ಕೆಂದೇ ಬಿಸಿ, ತಣ್ಣೀರು ಬೆರೆಸಿ ಶವರಿಗೆ ಸುಮಾರು 41 ಡಿಗ್ರಿ ನೀರು ಕೊಡುವ ಮಿಕ್ಸಿಂಗ್ ವಾಲ್ವ್ ಹಾಕುತ್ತಾರೆ. ವಾಲ್ವ್ ದಾಟಿದ ಮೇಲಿನ ನೀರು ಲೀಜನೆಲ್ಲಾಕ್ಕೆ ಬೇಕಾದ ಬಿಸಿಗೇ ಬಂದಿರುತ್ತದೆ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಕರೆದಂತೆ. ಈ ಇಕ್ಕಟ್ಟಿಗೆ ಇವರು ಕಂಡುಕೊಂಡ ಪರಿಹಾರ ಸರಳವಾಗಿದೆ: ವಾಲ್ವನ್ನು ಶವರಿನ ಪಕ್ಕಕ್ಕೇ ಕೂರಿಸಿ, ಬೆರೆತ ನೀರು ನಿಲ್ಲುವ ಪೈಪನ್ನು ಆದಷ್ಟು ಮೋಟು ಮಾಡುವುದು, ವಾಲ್ವಿನ ಜಾಲರಿಯನ್ನೂ ಶವರಿನ ತಲೆಯನ್ನೂ ಕಾಲಕಾಲಕ್ಕೆ ಬಿಚ್ಚಿ ಸುಣ್ಣ ಕಳೆಯುವುದು.

ತಣ್ಣೀರಿನಲ್ಲಿ ಶತ್ರು ಎಂದರೆ ಧಾರಾಳತನ. ಇರಲಿ ಎಂದು ಕಟ್ಟಿದ ದೊಡ್ಡ ಟ್ಯಾಂಕು, ಮುಂದೆ ಬೇಕಾದೀತು ಎಂದು ಹಾಕಿದ ದಪ್ಪ ಪೈಪು, ಎರಡರಲ್ಲೂ ನೀರು ಹಳೆಯದಾಗುತ್ತದೆ. ಪೈಪಿನ ಗಾತ್ರ ಲೆಕ್ಕಹಾಕಲು ಅಮೆರಿಕದ ರಾಯ್ ಹಂಟರ್ 1940ರಲ್ಲಿ ಕೊಟ್ಟ ವಿಧಾನ ಜಗತ್ತಿನ ಬಹುಪಾಲು ಕಡೆ ತಳವೂರಿತು. ಆ ಕಾಲದ ನಲ್ಲಿ, ಫ್ಲಶ್‌ಗಳು ಕುಡಿಯುತ್ತಿದ್ದ ನೀರು ಹೆಚ್ಚು. ಇಂದಿನ ನೀರುಳಿಸುವ ನಲ್ಲಿಗಳನ್ನು ಅದೇ ದಪ್ಪ ಪೈಪುಗಳಿಗೆ ಜೋಡಿಸಿದರೆ, ಉಳಿತಾಯವೇನೋ ಆಗುತ್ತದೆ, ಪೈಪಿನೊಳಗೆ ನೀರು ನಿಲ್ಲುವ ಹೊತ್ತೂ ಬೆಳೆಯುತ್ತದೆ. ನಿಂತಷ್ಟೂ ಅದರಲ್ಲಿನ ಕ್ಲೋರಿನ್ ಕರಗಿ ಹೋಗುತ್ತದೆ. ಉಳಿದ ಕ್ಲೋರಿನ್ನಿಗೂ ಲೋಳೆಯ ಒಳಗೆ, ಅಮೀಬಾದ ಒಳಗೆ ಅಡಗಿದ್ದನ್ನು ಮುಟ್ಟುವುದು ಕಷ್ಟ. ಹಾಗಾಗಿ ಬಲ್ಲವರು ಔಷಧಿಯನ್ನು ಎರಡನೆಯ ಸಾಲಿನಲ್ಲಿಡುತ್ತಾರೆ. ಟ್ಯಾಂಕಿಗೆ ಗಟ್ಟಿ ಮುಚ್ಚಳ, ಒಂದು ದಿನದ ಬಳಕೆಗಿಂತ ಹೆಚ್ಚಿಲ್ಲದ ನೀರು, ಒಂದು ತುದಿಯಿಂದ ಒಳಬಂದದ್ದು ಎದುರು ತುದಿಯಿಂದ ಹೊರಹೋಗುವ ಏರ್ಪಾಡು, ಬಿಸಿಪೈಪಿನಿಂದ ದೂರವಿಟ್ಟ ತಣ್ಣೀರಿನ ಪೈಪು, ಇವು ಅವರಿಗೆ ಮೊದಲು.

ಈ ಕಸುಬಿನಲ್ಲಿ ಪತ್ತೇದಾರಿಯೂ ಇದೆ. ಯಾವುದೋ ಕಾಲದಲ್ಲಿ ವಾರ್ಡನ್ನು ಆಫೀಸು ಮಾಡಿರುತ್ತಾರೆ. ಸಿಂಕು ಕಿತ್ತು, ಪೈಪಿನ ಬಾಯಿಗೆ ಬಿರಡೆ ಹಾಕಿ, ಮೇಲೆ ಗಾರೆ ಬಳಿದಿರುತ್ತಾರೆ. ನಕ್ಷೆಯಲ್ಲಿ ಅದು ಇರುವುದಿಲ್ಲ. ಗೋಡೆಯೊಳಗೆ ಮಾತ್ರ ಆ ಮೂಕ ಪೈಪು ವರ್ಷಗಟ್ಟಲೆ ಅದೇ ನೀರನ್ನು ಹಿಡಿದುಕೊಂಡು, ಪಕ್ಕದಲ್ಲಿ ಹರಿಯುವ ಒಳ್ಳೆಯ ನೀರಿಗೆ ಲೋಳೆ ಉಣಿಸುತ್ತಿರುತ್ತದೆ. ಡೆಡ್ ಲೆಗ್ ಎಂದು ಕರೆಯುವ ಇಂಥವನ್ನು ಹುಡುಕಲು ಇವರು ನಕ್ಷೆಯನ್ನು ನಂಬದೆ ಪೈಪಿನ ಜಾಡು ಹಿಡಿದು ನಡೆಯುತ್ತಾರೆ. ಸಿಕ್ಕರೆ ತುದಿಯಲ್ಲಿ ಮುಚ್ಚಿ ಸುಮ್ಮನಾಗುವುದಿಲ್ಲ, ಕವಲೊಡೆದ ಬುಡದಲ್ಲೇ ಕತ್ತರಿಸುತ್ತಾರೆ. ಕತ್ತರಿಸಲಾಗದ, ಆದರೆ ಅಪರೂಪಕ್ಕೆ ಬಳಸುವ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ತೆರೆದು ಹರಿಸುತ್ತಾರೆ. ಶವರನ್ನು ಹರಿಸುವಾಗ ತುಂತುರು ಏಳಬಾರದಲ್ಲ, ಅದಕ್ಕೆ ಶವರಿನ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಅದರ ಒಂದು ಮೂಲೆಯನ್ನು ಕತ್ತರಿಸುತ್ತಾರೆ. ನೀರು ಆ ಮೂಲೆಯಿಂದ ಧಾರೆಯಾಗಿ ಇಳಿದುಹೋಗುತ್ತದೆ. ಕೆಲಸ ಮಾಡುತ್ತ ಮಾಡುತ್ತ ಹೊಳೆದಂಥ ಇಂಥ ಉಪಾಯಗಳ ಮೇಲೆ ನನಗೆ ವಿಶೇಷ ಪ್ರೀತಿ.

ಕೂಲಿಂಗ್ ಟವರುಗಳ ಆರೈಕೆ ಬೇರೆಯದೇ ಅಧ್ಯಾಯ. ಅವು ಕೆಲಸ ಮಾಡುವುದೇ ಬೆಚ್ಚಗಿನ ನೀರನ್ನು ಗಾಳಿಗೆ ಚೆಲ್ಲಿ. ಹನಿಗಳು ಹೊರಗೆ ಹಾರದಂತೆ ತಡೆಯುವ ಪಟ್ಟಿಗಳು, ಬೆಳೆಯುವ ಜೀವಿಗಳನ್ನು ಕೊಲ್ಲುವ ರಾಸಾಯನಿಕ, ನಿಯಮಿತವಾಗಿ ಬಿಚ್ಚಿ ಉಜ್ಜುವುದು, ಇವುಗಳಲ್ಲಿ ಒಂದೂ ತಪ್ಪುವಂತಿಲ್ಲ. 2002ರಲ್ಲಿ ಇಂಗ್ಲೆಂಡಿನ ಬ್ಯಾರೋ-ಇನ್-ಫರ್ನೆಸ್ ಪಟ್ಟಣದ ಕಲಾಕೇಂದ್ರವೊಂದರ ಎ.ಸಿ. ಘಟಕದಲ್ಲಿ ಈ ಆರೈಕೆ ತಪ್ಪಿಹೋಗಿತ್ತು. ಅದರ ಹಬೆ ಬೀಳುತ್ತಿದ್ದದ್ದು ಜನ ಓಡಾಡುವ ಓಣಿಗೆ. 7 ಮಂದಿ ಸತ್ತರು.

ಪ್ರಯೋಗಾಲಯದ ಪರೀಕ್ಷೆಯೂ ಉಂಟು. ಒಂದು ಲೀಟರ್ ನೀರು ಹಿಡಿದು, ಬಾಟಲಿಯಲ್ಲಿ ಕ್ಲೋರಿನ್ ಕೊಲ್ಲುತ್ತ ಹೋಗದಂತೆ ಅದನ್ನು ತಟಸ್ಥಗೊಳಿಸುವ ಲವಣ ಬೆರೆಸಿ ಕಳಿಸುತ್ತಾರೆ. ನಲ್ಲಿ ತೆರೆದ ಕೂಡಲೇ ಹಿಡಿದ ನೀರು ಆ ನಲ್ಲಿಯ ಸ್ಥಿತಿಯನ್ನು ಹೇಳುತ್ತದೆ. ಸ್ವಲ್ಪ ಹರಿಸಿ ಹಿಡಿದದ್ದು ಅದರ ಹಿಂದಿನ ಪೈಪಿನ ಸ್ಥಿತಿಯನ್ನು. ಇದ್ದಿಲು, ಯೀಸ್ಟಿನ ಸಾರ ಸೇರಿಸಿದ ವಿಶೇಷ ಆಹಾರದ ಮೇಲೆ ಲೀಜನೆಲ್ಲಾ ನಿಧಾನಕ್ಕೆ ಬೆಳೆಯುತ್ತದೆ, ಪೂರ್ಣ ಫಲಿತಾಂಶಕ್ಕೆ ಹತ್ತು ದಿನ ಹಿಡಿಯಬಹುದು. ಹತ್ತು ದಿನ ಕಾಯುತ್ತ ಕೂರಲಾಗದು ಎಂದೇ ದಿನನಿತ್ಯದ ಥರ್ಮಾಮೀಟರಿಗೆ ಅಷ್ಟು ಬೆಲೆ.

ನಮ್ಮ ಬೆಂಗಳೂರಿನ ಮನೆಗಳು ಇಂಗ್ಲೆಂಡಿನ ಆಸ್ಪತ್ರೆಗಳಂತಲ್ಲ. ಬಚ್ಚಲಿನಲ್ಲೇ ಇರುವ ಸಣ್ಣ ಗೀಸರಿನಿಂದ ನಲ್ಲಿಗೆ ನಾಲ್ಕಡಿ ಪೈಪು, ನೀರು ದಿನಾ ಬದಲಾಗುತ್ತದೆ, ಅದು ಒಳ್ಳೆಯದೇ. ಆದರೆ ತಾರಸಿಯ ಸೋಲಾರ್ ಹೀಟರಿನ ನೀರು ಮಳೆಗಾಲದ ಮೋಡದ ದಿನಗಳಲ್ಲಿ ಬರೀ ಉಗುರುಬೆಚ್ಚಗಾಗಿ ನಿಲ್ಲುತ್ತದೆ. ಅದರ ವಿದ್ಯುತ್ ಕಾಯಿಲನ್ನು ಆಗಾಗ ಹಾಕಿ ನೀರನ್ನು 60 ಡಿಗ್ರಿಗೆ ಏರಿಸುವುದು ಕರೆಂಟಿನ ದಂಡವಲ್ಲ. ಬೇಸಿಗೆಯಲ್ಲಿ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ತಣ್ಣೀರೂ ತಣ್ಣೀರಾಗಿ ಉಳಿಯುವುದಿಲ್ಲ. ಕೊಳವೆಬಾವಿಯ ನೀರಾದರೆ, ನಾವೇ ಹಾಕದ ಹೊರತು ಅದರಲ್ಲಿ ಕ್ಲೋರಿನ್ನೇ ಇರುವುದಿಲ್ಲ. ಗಡಸಾದ್ದರಿಂದ ಶವರಿನ ತೂತುಗಳಲ್ಲಿ ಸುಣ್ಣ ಕಟ್ಟಿ ಲೋಳೆಗೆ ಆಸರೆ ಕೊಡುತ್ತದೆ. ನ್ಯುಮೋನಿಯಾ ಬಂದವರಿಗೆಲ್ಲ ಲೀಜನೆಲ್ಲಾ ಪರೀಕ್ಷೆ ಮಾಡಿಸುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ರೋಗಿಗಳ ಲೆಕ್ಕ ನೋಡಿ ಎಚ್ಚರಗೊಳ್ಳೋಣ ಎಂದು ಕೂರುವುದು ತರವಲ್ಲ.

ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಗೆ ಮರಳಿದವರು ಸ್ನಾನಕ್ಕೆ ಮೊದಲು ಶವರಿನ ತಲೆ ಬಿಚ್ಚಿಟ್ಟು, ಕಿಟಕಿ ತೆರೆದು, ಎಲ್ಲ ನಲ್ಲಿಗಳನ್ನೂ ಕೆಲವು ನಿಮಿಷ ಮೆಲ್ಲಗೆ ಹರಿಸಬೇಕು. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದರೆ ನೆಲ ಒರೆಸಲಿಕ್ಕಾಯಿತು. ಅಪಾರ್ಟ್‌ಮೆಂಟುಗಳ ಸಂಘದವರು ಸಂಪಿನಿಂದ ಕಡೆಯ ಮಹಡಿಯ ನಲ್ಲಿಯವರೆಗಿನ ಪೈಪುಗಳ ನಕ್ಷೆ ತಮ್ಮಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹಳೆಯ ಪ್ಲಂಬರನ್ನೇ ಕರೆಸಿ, ಅವರ ಜೊತೆ ಪೈಪಿನ ಜಾಡು ಹಿಡಿದು ನಡೆದು, ಖಾಲಿ ಬಿದ್ದ ಫ್ಲ್ಯಾಟುಗಳನ್ನೂ ಬಿರಡೆ ಹಾಕಿದ ಕವಲುಗಳನ್ನೂ ಗುರುತಿಸಿ ಒಂದು ನಕ್ಷೆ ಬರೆಸಿಕೊಳ್ಳಬೇಕು. ಅದಕ್ಕೆ ಒಂದು ಭಾನುವಾರ ಸಾಕು.